ಸಕಲೇಶಪುರದ ತೋಟದಲ್ಲಿ ಕಂಡ ಒಬೆರೋನಿಯ

ಮಲೆನಾಡಿನಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ಡನ್ನು ಗುರುತಿಸದವರಿಲ್ಲ. ಒಬೆರೋನಿಯ ಕುಲದ ಆರ್ಕಿಡ್‌ಗಳನ್ನು ಗಮನಿಸುವವರು ಮಾತ್ರ ವಿರಳ, ಏಕೆಂದರೆ ಅವುಗಳ ಹೂವು ಒಂದೆರಡು ಮಿಲಿಮೀಟರಿನಷ್ಟೇ ಇರುತ್ತದೆ. ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ಮಳೆಗಾಲಕ್ಕೆ ಮುನ್ನ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ನಡೆದಾಗ, ಕಡಿದು ಬಿದ್ದ ನೇರಳೆ ಕೊಂಬೆಯ ಮೇಲೆ ಬೀಸಣಿಗೆಯಂತೆ ಹರಡಿದ ಚಪ್ಪಟೆ ಎಲೆಗಳ ಗಿಡವೊಂದು ನನಗೆ ಸಿಕ್ಕಿತು. ಎಲೆ ನೋಡಿ ಕುಲವನ್ನು ಹೇಳಬಹುದು, ಪ್ರಭೇದವನ್ನು ಹೇಳಲಾಗದು. ಹಾಗಾಗಿ ಕೊಂಬೆಯ ತುಂಡನ್ನು ಅದೇ ತೋಟದ ನೆರಳಿನಲ್ಲಿ ಕಟ್ಟಿಸಿ ಹೂವಿಗಾಗಿ ಕಾದೆ.

ಮಳೆ ಇಳಿಮುಖವಾದಾಗ ತೆನೆ ಹೊರಟಿತು. ಸೂಕ್ಷ್ಮದರ್ಶಕದಡಿ ನೋಡಿದರೆ ತುಟಿಯೆಸಳಿನ (ಉಳಿದ ಎಸಳುಗಳಿಗಿಂತ ಭಿನ್ನವಾದ ಎಸಳು) ಪಕ್ಕದ ಹಾಲೆಗಳ, ಅಂದರೆ ಸೀಳುಭಾಗಗಳ, ಅಂಚು ಸಣ್ಣಗೆ ಸೀಳಿತ್ತು, ನಡುವಿನ ಹಾಲೆ ಎರಡಾಗಿ ಕವಲೊಡೆದಿತ್ತು. ಈ ಕುಲದಲ್ಲಿ ಪ್ರಭೇದವನ್ನು ನಿರ್ಧರಿಸುವಲ್ಲಿ ಈ ಎಸಳೇ ಮುಖ್ಯ. ಸಲ್ಡಾನ ಮತ್ತು ನಿಕಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥದಲ್ಲಿ ಇದಕ್ಕೆ ಒಪ್ಪುವ ವಿವರಣೆ ಸಿಗಲಿಲ್ಲ. ಒಪ್ಪಿದ್ದು ಕೇರಳದ ಬೆಟ್ಟಗಳಿಂದಷ್ಟೇ ದಾಖಲಾದ ಒಂದು ಪ್ರಭೇದದ ವಿವರಣೆ.

ತೋಟದಲ್ಲಿ ಸಿಕ್ಕ ಆರ್ಕಿಡ್ಡಿನ ಬಗ್ಗೆ ಮೊದಲು ಏಳಬೇಕಾದ ಸಂದೇಹ, ಅದನ್ನು ಯಾರಾದರೂ ತಂದು ಕಟ್ಟಿರಬಹುದೇ ಎಂಬುದು. ನಮ್ಮ ಕಡೆ ಮನೆ ಮುಂದಿನ ಮರಕ್ಕೆ ಚೆಂದದ ಹೂವಿನ ಗಿಡಗಳನ್ನು ಕಟ್ಟುವ ರೂಢಿಯಿದೆ. ತೋಟದ ಲೆಕ್ಕಪತ್ರ ನೋಡುವ ರೈಟರನ್ನು ವಿಚಾರಿಸಿದ್ದಲ್ಲದೆ, ಮರಗಸಿಯವರ ನೆರವಿನಿಂದ ನಿಂತ ಮರಗಳನ್ನೂ ಹುಡುಕಿಸಿದೆ. ಹಳೆಯ ಗಿಡಗಳ ಪಕ್ಕದಲ್ಲೇ ಉಗುರಿನಷ್ಟು ಸಣ್ಣ ಸಸಿಗಳು ತೊಗಟೆಯ ಪಾಚಿಯಲ್ಲಿ ಬೇರೂರಿದ್ದವು. ಧೂಳಿನಷ್ಟು ಸಣ್ಣದಾದ ಆರ್ಕಿಡ್ ಬೀಜದಲ್ಲಿ ಆಹಾರದ ಸಂಗ್ರಹವಿಲ್ಲ. ತಕ್ಕ ಶಿಲೀಂಧ್ರದ ಜೊತೆ ಸಿಗದೆ ಅದು ಕಾಡಿನಲ್ಲಿ ಮೊಳೆಯುವುದಿಲ್ಲ. ಆದ್ದರಿಂದ ಗಿಡ ಇಲ್ಲಿ ತಾನಾಗಿಯೇ ಬೆಳೆದಿದೆ ಎಂಬುದಕ್ಕೆ ಬೇರೆ ಬೇರೆ ವಯಸ್ಸಿನ ಸಸಿಗಳನ್ನು ನಾನು ಎಲ್ಲಕ್ಕಿಂತ ಬಲವಾದ ಸಾಕ್ಷ್ಯವೆಂದು ಪರಿಗಣಿಸುತ್ತೇನೆ.

ಒತ್ತಿ ಒಣಗಿಸಿದ ಹೂವಿನ ಆಕಾರ ಕೆಡುವುದರಿಂದ ಒಂದು ತೆನೆಯನ್ನು ಶೇಕಡಾ 70ರ ಮದ್ಯಸಾರದಲ್ಲಿ ಇಟ್ಟೆ. ಎತ್ತರ, ಆಸರೆಯ ಮರ, ಅಳತೆಪಟ್ಟಿಯ ಸಮೇತ ತೆಗೆದ ಚಿತ್ರಗಳನ್ನು ಸೇರಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಸಂಗ್ರಹಾಲಯದಲ್ಲಿರುವ ಮಾದರಿಗಳೊಡನೆ ಹೋಲಿಸಿದೆ.

ಗಿಡ ಇಲ್ಲಿಗೆ ಹೊಸದಾಗಿ ಬಂದಿದೆಯೆಂದು ನನಗೆ ಅನ್ನಿಸುವುದಿಲ್ಲ. ಎತ್ತರದ ಕೊಂಬೆಯಲ್ಲಿ, ಜಿಗಣೆ ಕಾಟದ ದಿನಗಳಲ್ಲಿ ಅರಳುವ ಇಷ್ಟು ಚಿಕ್ಕ ಹೂವನ್ನು ಹುಡುಕಿ ಹೋದವರೇ ಕಡಿಮೆ. ಬಿಸಿಲೆಯ ಕಾಡಿನಲ್ಲೂ ಇದು ಇರಬಹುದು. ಅಲ್ಲಿ ಹುಡುಕಲು ಅರಣ್ಯ ಇಲಾಖೆಯ ಅನುಮತಿ ಕೇಳಿದ್ದೇನೆ. ಈ ಗಿಡ ಸಿಕ್ಕ ಬಗೆಗಿನ ವರದಿ ಅಚ್ಚಾಗುವವರೆಗೆ ಪ್ರಭೇದದ ಹೆಸರನ್ನೂ, ಕಿತ್ತು ಮಾರುವವರ ಭಯದಿಂದ ತೋಟದ ಹೆಸರನ್ನು ಎಂದಿಗೂ ಬರೆಯುವುದಿಲ್ಲ. ಗಿಡವಿರುವ ಕೊಂಬೆಗಳನ್ನು ಮುಂದಿನ ಮರಗಸಿಯಲ್ಲಿ ಉಳಿಸಲು ತೋಟದ ಯಜಮಾನರು ಒಪ್ಪಿದ್ದಾರೆ.