ಬೋರ್ಡ್ ಕೆಟ್ಟಿದೆ ಎನ್ನುವ ಮುನ್ನ ಯು-ಬೂಟ್‌ನಲ್ಲಿ ಪರೀಕ್ಷಿಸಿ

ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್ ಮುಗಿಸುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಬೆಳಿಗ್ಗೆ ಸರಿಯಿದ್ದ ಬೋರ್ಡ್ ಮಧ್ಯಾಹ್ನ ಲಿನಕ್ಸ್ ಅರ್ಧ ಲೋಡ್ ಆಗಿ ನಿಂತುಬಿಡುತ್ತದೆ. ‘ಬೋರ್ಡ್ ಹೋಯ್ತು’ ಎಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊಸದು ತರಿಸುವ ಮೊದಲು ಅರ್ಧ ಗಂಟೆ ಕೊಡಿ. ಲಿನಕ್ಸ್‌ಗೂ ಮುಂಚೆ ಎದ್ದೇಳುವ ಯು-ಬೂಟ್ ಎಂಬ ಫರ್ಮ್‌ವೇರ್‌ನಲ್ಲೇ ಹಾರ್ಡ್‌ವೇರ್ ಪರೀಕ್ಷಿಸುವ ಕಮಾಂಡ್‌ಗಳಿವೆ. ಇಲ್ಲಿನ ಉದಾಹರಣೆ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಲಿನಕ್ಸ್ ಕಂಪ್ಯೂಟರ್ ಬೋರ್ಡ್. ಬೇರೆ ಬೋರ್ಡ್‌ನಲ್ಲಿ ವಿಳಾಸಗಳು ಬದಲಾಗುತ್ತವೆ, ಕ್ರಮ ಇದೇ.

ಬೇಕಾದದ್ದು: 3.3 ವೋಲ್ಟ್‌ನ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್, 5 ವೋಲ್ಟ್ 2 ಆಂಪಿಯರ್ ಪವರ್ ಅಡಾಪ್ಟರ್, ಮಲ್ಟಿಮೀಟರ್.

ಮೊದಲು ಮೀಟರ್ ಹಿಡಿಯಿರಿ. ಪಿ9 ಕನೆಕ್ಟರ್‌ನ 1ನೇ ಪಿನ್ ಗ್ರೌಂಡ್; 5ರಲ್ಲಿ 5 ವೋಲ್ಟ್, 3ರಲ್ಲಿ 3.3 ವೋಲ್ಟ್ ಬರಬೇಕು. ಇದು ಸರಿಯಿಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಆಮೇಲೆ ಜೆ1 ಹೆಡರ್‌ಗೆ ಮೂರೇ ತಂತಿ: 1ನೇ ಪಿನ್‌ಗೆ ಗ್ರೌಂಡ್, 4ಕ್ಕೆ ಅಡಾಪ್ಟರ್‌ನ ಟಿಎಕ್ಸ್, 5ಕ್ಕೆ ಆರ್‌ಎಕ್ಸ್. ಅಡಾಪ್ಟರ್‌ನ 5 ವೋಲ್ಟ್ ತಂತಿಯನ್ನು ಎಲ್ಲಿಗೂ ಸೇರಿಸಬೇಡಿ. ಈ ಪ್ರೊಸೆಸರ್‌ನ ಪಿನ್‌ಗಳು 5 ವೋಲ್ಟ್ ತಾಳುವುದಿಲ್ಲ. ಕಂಪ್ಯೂಟರ್‌ನ ಟರ್ಮಿನಲ್ ಪ್ರೋಗ್ರಾಂನಲ್ಲಿ ವೇಗ 115200, ಫ್ಲೋ ಕಂಟ್ರೋಲ್ ಆಫ್. ಅದು ಆನ್ ಇದ್ದರೆ ಅಕ್ಷರ ಕಾಣುತ್ತದೆ, ನೀವು ಒತ್ತಿದ್ದು ಮಾತ್ರ ಬೋರ್ಡ್‌ಗೆ ತಲುಪುವುದಿಲ್ಲ.

ಪವರ್ ಕೊಟ್ಟು ಸ್ಪೇಸ್ ಒತ್ತುತ್ತಿರಿ. ಬರೀ ‘ಸಿ’ ಅಕ್ಷರಗಳ ಸಾಲು ಬಂದರೆ ಪ್ರೊಸೆಸರ್ ಬದುಕಿದೆ, ಅದಕ್ಕೆ ಬೂಟ್ ಮಾಡಲು ಏನೂ ಸಿಕ್ಕಿಲ್ಲ ಎಂದರ್ಥ: ಎಸ್‌ಡಿ ಕಾರ್ಡ್ ನೋಡಿ. ‘ಎಸ್‌ಪಿಎಲ್’ ಎಂಬ ಸಾಲು ಬಂದು ಅಲ್ಲೇ ನಿಂತರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಎಸ್‌ಪಿಎಲ್ ಎಂದರೆ ಯು-ಬೂಟ್‌ನ ಮೊದಲ ಪುಟ್ಟ ಭಾಗ, ಅದು ಓಡುವುದು ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿಯಲ್ಲಿ. ಪೂರ್ಣ ಯು-ಬೂಟ್ ಓಡುವುದು ಹೊರಗಿನ ರ‍್ಯಾಮ್‌ನಲ್ಲಿ.

ಯು-ಬೂಟ್‌ನ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಸಾಲು) ಬಂತೇ? ಇನ್ನು ರ‍್ಯಾಮ್ ಪರೀಕ್ಷೆ. ಕಮಾಂಡ್‌ಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು, ಇಲ್ಲಿನ ಅಂಕಿಗಳೆಲ್ಲ ಹೆಕ್ಸ್ (16ರ ಆಧಾರದ ಎಣಿಕೆ). ಬಹಳಷ್ಟು ಜನ ಮರೆಯುವ ಕಮಾಂಡನ್ನೇ ಮೊದಲು ಕೊಡಿ: ‘ಡಿಕ್ಯಾಶ್ ಆಫ್’ (dcache off). ಕ್ಯಾಶ್ (ಪ್ರೊಸೆಸರ್ ಒಳಗಿನ ತಾತ್ಕಾಲಿಕ ಮೆಮೊರಿ) ಚಾಲೂ ಇದ್ದರೆ ನೀವು ಬರೆದದ್ದನ್ನು ಕ್ಯಾಶೇ ವಾಪಸ್ ಕೊಡುತ್ತದೆ, ರ‍್ಯಾಮ್ ಕೆಟ್ಟಿದ್ದರೂ ಎಲ್ಲ ಸರಿ ಎಂದೇ ಕಾಣುತ್ತದೆ.

ಡೇಟಾ ತಂತಿಗಳಿಗೆ ‘ಎಂಡಬ್ಲ್ಯು.ಎಲ್ 82000000 55555555 100’ ಎಂದು ಬರೆದು, ‘ಎಂಡಿ.ಎಲ್ 82000000 100’ ಎಂದು ಓದಿ. ಬಳಿಕ 5ರ ಬದಲು ಎಂಟು ಸಲ ‘ಎ’ ಹಾಕಿ ಮತ್ತೊಮ್ಮೆ; ಎರಡೂ ಸೇರಿದರೆ ಪ್ರತಿ ಬಿಟ್ 0 ಆಗಿಯೂ 1 ಆಗಿಯೂ ಪರೀಕ್ಷೆಯಾಗುತ್ತದೆ. 55555555 ಬರೆದ ಕಡೆ 55455545 ಕಂಡರೆ (ಬಲದಿಂದ, 0ಯಿಂದ ಎಣಿಸಿ) 4 ಮತ್ತು 20ನೇ ಬಿಟ್ ಬಿದ್ದಿವೆ. ಎರಡು ದೋಷವಲ್ಲ, ಒಂದೇ. ಈ ಬೋರ್ಡ್‌ನ ರ‍್ಯಾಮ್ ಬಸ್ 16 ಬಿಟ್ ಅಗಲ, 32 ಬಿಟ್ ಪದ ಎರಡು ಕಂತಿನಲ್ಲಿ ಹೋಗುತ್ತದೆ, ಹಾಗಾಗಿ ಒಂದು ತಂತಿಯ ದೋಷ 16 ಬಿಟ್ ಅಂತರದಲ್ಲಿ ಎರಡು ಸಲ ಕಾಣುತ್ತದೆ. ತಂತಿ ಪೂರ್ತಿ ಕಡಿದಿದ್ದರೆ ಪ್ರಾಂಪ್ಟೇ ಬರುತ್ತಿರಲಿಲ್ಲ. ಇಲ್ಲಿ ಸಿಕ್ಕಿಬೀಳುವುದು ಅರೆಬರೆ ಹಿಡಿದ ಬೆಸುಗೆ.

ವಿಳಾಸದ ತಂತಿಗಳಿಗೆ ಬೇರೆ ಉಪಾಯ. 80000000, 82000000, 84000000, 88000000, 90000000 ಈ ಐದರಲ್ಲಿ ಕ್ರಮವಾಗಿ 11111111ರಿಂದ 55555555ರವರೆಗೆ ಬರೆಯಿರಿ. ಐದನ್ನೂ ಬರೆದಾದ ಮೇಲೆಯೇ ಓದಬೇಕು. ಒಂದರ ಜಾಗದಲ್ಲಿ ಇನ್ನೊಂದರ ಅಂಕಿ ಇದ್ದರೆ ಎರಡೂ ವಿಳಾಸ ಒಂದೇ ಕಡೆಗೆ ಹೋಗುತ್ತಿವೆ.

ದೀರ್ಘ ಪರೀಕ್ಷೆಗೆ ‘ಎಂಟೆಸ್ಟ್ 82000000 90000000 0 10’. ಕೊನೆಯ 10 ಹೆಕ್ಸ್, ಅಂದರೆ 16 ಸುತ್ತು. ಕೆಲವು ಯು-ಬೂಟ್‌ಗಳಲ್ಲಿ ಈ ಕಮಾಂಡ್ ಸೇರಿಸಿರುವುದಿಲ್ಲ. ಆಗ ಸೇರಿಸಿ ಕಂಪೈಲ್ ಮಾಡಿಕೊಳ್ಳಬೇಕು. ರ‍್ಯಾಮ್‌ನ ತುತ್ತತುದಿಯಲ್ಲಿ ಯು-ಬೂಟ್ ತಾನೇ ಕೂತಿರುತ್ತದೆ, ಅಲ್ಲಿ ಬರೆದರೆ ಬೋರ್ಡ್ ತಕ್ಷಣ ಹ್ಯಾಂಗ್. ಅದು ಎಲ್ಲಿದೆ ಎಂಬುದನ್ನು ‘ಬಿಡಿಇನ್ಫೊ’ ತೋರಿಸುತ್ತದೆ. ಪರೀಕ್ಷೆಯನ್ನು ಬೆಳಿಗ್ಗೆ ತಂಪಿನಲ್ಲೊಮ್ಮೆ, ಮಧ್ಯಾಹ್ನ ಬೋರ್ಡ್ ಅರ್ಧ ಗಂಟೆ ಓಡಿದ ಮೇಲೆ ಇನ್ನೊಮ್ಮೆ ನಡೆಸಿ. ಬಿಸಿಯಲ್ಲಿ ಮಾತ್ರ ದೋಷ ಬಂದರೆ ರ‍್ಯಾಮ್ ಚಿಪ್ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ದೋಷ ಮಾಯವಾದರೆ ಚಿಪ್ ಅಡಿಯ ಬೆಸುಗೆ ಗುಂಡು ಬಿಟ್ಟಿರುವ ಸಾಧ್ಯತೆ ಹೆಚ್ಚು.

ಉಳಿದದ್ದು ಬೇಗ ಮುಗಿಯುತ್ತದೆ. ಮೊದಲು ಐ2ಸಿ, ಅಂದರೆ ಪ್ರೊಸೆಸರ್ ಬೇರೆ ಚಿಪ್‌ಗಳ ಜೊತೆ ಮಾತಾಡುವ ಎರಡು ತಂತಿಯ ದಾರಿ. ‘ಐ2ಸಿ ಡೆವ್ 0’, ಬಳಿಕ ‘ಐ2ಸಿ ಪ್ರೋಬ್’: ಪಟ್ಟಿಯಲ್ಲಿ 24 (ಪವರ್ ಚಿಪ್) ಮತ್ತು 50 (ಈಈಪ್ರಾಮ್, ಬೋರ್ಡ್‌ನ ಗುರುತು ಬರೆದಿಟ್ಟ ಪುಟ್ಟ ಮೆಮೊರಿ) ಇರಲೇಬೇಕು. ‘ಐ2ಸಿ ಎಂಡಿ 50 0.2 10’ ಕೊಟ್ಟಾಗ ಆರಂಭದಲ್ಲಿ ‘ಎಎ 55 33 ಇಇ’ ಕಾಣದಿದ್ದರೆ ಬೋರ್ಡ್‌ನ ಗುರುತು ಅಳಿಸಿಹೋಗಿದೆ. ‘ಎಂಎಂಸಿ ಡೆವ್ 1’, ‘ಎಂಎಂಸಿ ಇನ್ಫೊ’ ಒಳಗಿನ ಸ್ಟೋರೇಜ್‌ನ ಗಾತ್ರ ತೋರಿಸುತ್ತವೆ. ‘ಜಿಪಿಐಓ ಟಾಗಲ್ 53’ (ಈ 53 ಮಾತ್ರ ಹೆಕ್ಸ್ ಅಲ್ಲ, ಸಾಮಾನ್ಯ ಅಂಕಿ) ಎರಡು ಸಲ ಕೊಟ್ಟರೆ ಮೊದಲ ಎಲ್‌ಇಡಿ ಒಮ್ಮೆ ಹತ್ತಿ ಒಮ್ಮೆ ಆರಬೇಕು.

ಪೆರಿಫೆರಲ್ ರಿಜಿಸ್ಟರ್‌ಗಳನ್ನು (ಪ್ರೊಸೆಸರ್‌ನ ಸೀರಿಯಲ್, ಟೈಮರ್‌ನಂಥ ಭಾಗಗಳನ್ನು ನಿಯಂತ್ರಿಸುವ ವಿಳಾಸಗಳನ್ನು) ‘ಎಂಡಿ’ಯಿಂದ ನೇರ ಓದಲು ಹೋದಾಗ ‘ಡೇಟಾ ಅಬಾರ್ಟ್’ ಎಂದು ಬೋರ್ಡ್ ರಿಸೆಟ್ ಆದರೆ ಗಾಬರಿ ಬೇಡ. ಆ ಭಾಗದ ಕ್ಲಾಕ್ ಇನ್ನೂ ಚಾಲೂ ಆಗಿರುವುದಿಲ್ಲ, ಅಷ್ಟೇ, ಚಿಪ್ ಕೆಟ್ಟಿಲ್ಲ. ಟರ್ಮಿನಲ್‌ನ ಲಾಗ್ ಉಳಿಸಿಕೊಳ್ಳಿ. ಚಿಪ್ ಬಿಚ್ಚಿ ಮತ್ತೆ ಕೂರಿಸುವವರಿಗೆ ಬೋರ್ಡ್ ಒಪ್ಪಿಸುವಾಗ, ಯಾವ ಬಿಟ್ ಯಾವ ವಿಳಾಸದಲ್ಲಿ ಬಿತ್ತು ಎಂಬ ಆ ಒಂದು ಪುಟವನ್ನೂ ಜೊತೆಗಿಡಿ.