ಕಾರ್ಡ್ ತಿರುಗಿಸುವ ಮುನ್ನ ಉತ್ತರ ಹೇಳಿ

ಒಂದು ಪಾಠವನ್ನು ನಾಲ್ಕಾರು ಸಲ ಓದಿದ ಮೇಲೆ ಅದರ ಸಾಲುಗಳು ಕಣ್ಣಿಗೆ ಪರಿಚಿತವಾಗುತ್ತವೆ; ಪರಿಚಿತವಾದದ್ದೆಲ್ಲ ನೆನಪಿನಲ್ಲಿ ಉಳಿದಿದೆ ಎಂದು ವಿದ್ಯಾರ್ಥಿ ನಂಬಿಬಿಡುತ್ತಾನೆ. ಪುಸ್ತಕ ಮುಚ್ಚಿ ಉತ್ತರ ಬರೆಯಬೇಕಾದಾಗಲೇ ಆ ನಂಬಿಕೆ ಕುಸಿಯುವುದು. ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ ಬರೆದ, ಪ್ರಾಥಮಿಕ ಶಾಲೆಗಳಲ್ಲಿ ಮಿಂಚುಪಟ್ಟಿ ಎಂದು ಕರೆಯುವ ಫ್ಲ್ಯಾಶ್‌ಕಾರ್ಡ್‌ಗಳು ಎಸ್ಸೆಸ್ಸೆಲ್ಸಿ, ಪಿಯುಸಿ ವಿದ್ಯಾರ್ಥಿಗಳಿಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ ನೆರವಾಗುವುದು ಇಲ್ಲಿಯೇ: ಅವು ಓದಿಸುವುದಿಲ್ಲ, ಪ್ರಶ್ನೆ ಕೇಳುತ್ತವೆ.

ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಡ್ರಾಯಿಂಗ್ ಶೀಟನ್ನು ಅಂಗೈ ಅಗಲಕ್ಕೆ ಕತ್ತರಿಸಿಕೊಂಡರೆ ಸಾಕು. ತೆಳುವಾದ ಹಾಳೆ ಬೇಡ, ಹಿಂಬದಿಯ ಬರಹ ಮುಂದೆ ಕಾಣಿಸುತ್ತದೆ.

ಮೊದಲು ಪಾಠವನ್ನು ಅರ್ಥ ಮಾಡಿಕೊಂಡು, ಬಳಿಕ ಕಾರ್ಡ್ ಬರೆಯಿರಿ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ ಎಂಬ ನಿಯಮವನ್ನು ಸಡಿಲಿಸಬಾರದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಗೌರಿಬಿದನೂರು ಬಳಿಯ ವಿದುರಾಶ್ವತ್ಥದ ಗೋಲಿಬಾರನ್ನೇ ತೆಗೆದುಕೊಳ್ಳಿ. 'ವಿದುರಾಶ್ವತ್ಥದ ಬಗ್ಗೆ ತಿಳಿಸಿ' ಎಂದು ಬರೆದು ಹಿಂಬದಿಯಲ್ಲಿ ಇಡೀ ಪ್ಯಾರಾ ತುಂಬಿದರೆ, ಅರ್ಧ ನೆನಪಾದಾಗ ಆ ಕಾರ್ಡ್ ಬಂದಿತೆನ್ನಬೇಕೋ ಬರಲಿಲ್ಲವೆನ್ನಬೇಕೋ ನಿಮಗೇ ತಿಳಿಯದು. ಅದರ ಬದಲು 'ಗೋಲಿಬಾರು ನಡೆದ ವರ್ಷ ಯಾವುದು?' ಎಂಬ ಕಾರ್ಡಿನ ಹಿಂದೆ 1938 ಎಂದೂ, 'ಜನರು ಅಲ್ಲಿ ಏಕೆ ಸೇರಿದ್ದರು?' ಎಂಬುದರ ಹಿಂದೆ 'ನಿಷೇಧವನ್ನು ಮೀರಿ ಧ್ವಜ ಹಾರಿಸಲು' ಎಂದೂ ಬರೆಯಿರಿ. ಇಸವಿಯನ್ನು ಕೇಳುವ ಕಾರ್ಡುಗಳಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಕಾರಣವನ್ನು ಕೇಳುವ ಕಾರ್ಡುಗಳು ಇರಬೇಕು.

ವಿಜ್ಞಾನದಲ್ಲಿ ಪ್ರಶ್ನೆಯನ್ನು ಎರಡೂ ದಿಕ್ಕಿನಿಂದ ಕೇಳಿಕೊಳ್ಳುವುದು ಒಳ್ಳೆಯದು. ಜಿಪ್ಸಮನ್ನು 373 ಕೆಲ್ವಿನ್‌ಗೆ ಕಾಯಿಸಿದಾಗ ಏನು ದೊರೆಯುತ್ತದೆ ಎಂಬುದು ಒಂದು ಕಾರ್ಡ್. ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಯಾವುದರಿಂದ ತಯಾರಿಸುತ್ತಾರೆ ಎಂಬುದು ಇನ್ನೊಂದು. ಹೃದಯದ ಚಿತ್ರವಾದರೆ ಹೆಸರುಗಳಿಲ್ಲದ ರೇಖಾಚಿತ್ರ ಮುಂಬದಿಯಲ್ಲಿರಲಿ.

ಇನ್ನು ಬಳಸುವ ಕ್ರಮ. ಪ್ರಶ್ನೆ ಓದಿ, ಉತ್ತರವನ್ನು ಬಾಯಿಬಿಟ್ಟು ಹೇಳಿ ಅಥವಾ ಚೀಟಿಯ ಮೇಲೆ ಬರೆದು, ಆಮೇಲಷ್ಟೇ ಕಾರ್ಡ್ ತಿರುಗಿಸಿ. ಹೊಳೆಯದಿದ್ದರೂ ಕೆಲವು ಕ್ಷಣ ತಡಕಾಡಿ. ನೆನಪನ್ನು ಗಟ್ಟಿಗೊಳಿಸುವುದು ಆ ತಡಕಾಟವೇ. ತಿರುಗಿಸಿ ನೋಡಿ 'ಓ, ಇದು ಗೊತ್ತಿತ್ತು' ಎಂದುಕೊಳ್ಳುವುದು ಓದಿದಂತೆಯೇ ಹೊರತು ನೆನಪಿಸಿಕೊಂಡಂತಲ್ಲ. ಪ್ರತಿ ಸುತ್ತಿಗೂ ಕಾರ್ಡುಗಳನ್ನು ಕಲಸಬೇಕು, ಇಲ್ಲವಾದರೆ ಹಿಂದಿನ ಕಾರ್ಡೇ ಮುಂದಿನದರ ಸುಳಿವು ಕೊಡುತ್ತದೆ.

ಕಲಿತದ್ದರಲ್ಲಿ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲಿ, ದಿನಗಳಲ್ಲಿಯೇ ಜಾರಿಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹಾಸ್ ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಆದ್ದರಿಂದ ಒಂದೇ ದಿನ ಹತ್ತು ಸಲ ನೋಡುವುದಕ್ಕಿಂತ ಅಂತರ ಬಿಟ್ಟು ನೋಡುವುದು ಮೇಲು. ಅದೇ ದೇಶದ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪೆಟ್ಟಿಗೆ ವಿಧಾನ ಇದಕ್ಕೆ ಹೇಳಿಮಾಡಿಸಿದಂತಿದೆ. ಅವರದು ಐದು ಖಾನೆಗಳ ಪೆಟ್ಟಿಗೆ. ನಮಗೆ ಮೂರು ಹಳೆಯ ಲಗ್ನಪತ್ರಿಕೆ ಲಕೋಟೆಗಳು ಸಾಕು. ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆರೆಯಿರಿ. ಸರಿಯಾಗಿ ಉತ್ತರಿಸಿದ ಕಾರ್ಡ್ ಮುಂದಿನ ಲಕೋಟೆಗೆ ಹೋಗಲಿ. ತಪ್ಪಿದ್ದು ಎಲ್ಲಿಯೇ ಇದ್ದರೂ ಮೊದಲನೆಯದಕ್ಕೆ ಮರಳಲಿ. ಇದರಲ್ಲಿ ದಾಕ್ಷಿಣ್ಯ ತೋರಬೇಡಿ. ಬಾಗೇಪಲ್ಲಿಯಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿ ಆ ದಿನದ ಕಟ್ಟನ್ನು ದಾರಿಯಲ್ಲಿಯೇ ಮುಗಿಸಬಹುದು.

ಗೆಳೆಯರ ಕಾರ್ಡುಗಳನ್ನು ಜೆರಾಕ್ಸ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಯಾವುದನ್ನು ಪ್ರಶ್ನೆ ಮಾಡಬೇಕೆಂದು ಯೋಚಿಸುವಾಗಲೇ ಅರ್ಧ ಕಲಿಕೆ ನಡೆದಿರುತ್ತದೆ. ಗೆಳೆಯರು ಪರಸ್ಪರ ಕಾರ್ಡ್ ಹಿಡಿದು ಪ್ರಶ್ನೆ ಕೇಳಿಕೊಳ್ಳುವುದು ಮಾತ್ರ ಬಹಳ ಒಳ್ಳೆಯ ಅಭ್ಯಾಸ.

ಐದು ಅಂಕದ ಉತ್ತರ, ಪ್ರಮೇಯದ ಸಾಧನೆ, ಗಣಿತದ ಲೆಕ್ಕ ಇವುಗಳಿಗೆ ಕಾರ್ಡ್ ಸಾಲದು, ಬರೆದೇ ಅಭ್ಯಾಸ ಮಾಡಬೇಕು. ಪರೀಕ್ಷೆಗೆ ಒಂದು ವಾರವಿದ್ದಾಗ ಹೊಸ ಕಾರ್ಡ್ ಬರೆಯುವುದನ್ನು ನಿಲ್ಲಿಸಿ, ಮೂರೂ ಲಕೋಟೆಗಳನ್ನು ಒಮ್ಮೆ ಪೂರ್ತಿ ಕೇಳಿಕೊಳ್ಳಿ. ಹಿಂದಿನ ಸಂಜೆಗೆ ಮೊದಲ ಲಕೋಟೆಯಲ್ಲಿ ಉಳಿದವನ್ನಷ್ಟೇ ಇಟ್ಟುಕೊಂಡು, ಅವು ಮುಗಿದ ಕೂಡಲೇ ಮಲಗಿ.