ಮೆಟ್ಟುಗತ್ತಿಗಳ ನಡುವೆ ಓದಿದ್ದು

ಭೂಮಿ ಹುಣ್ಣಿಮೆಯ ಚರಗ ಚೆಲ್ಲಿ ಮುಗಿಯಿತೆಂದರೆ ನಮ್ಮ ಅಂಗಳಕ್ಕೆ ಕೆಲಸ ಹತ್ತುತ್ತದೆ. ಮಳೆಗಾಲವಿಡೀ ಕಟ್ಟಿದ ಪಾಚಿಯನ್ನು ಕೆರೆದು, ನೆಲ ಹದಮಾಡಿ, ಸಗಣಿ ಸಾರಿಸಿ, ಅಡಿಕೆ ಒಣಗಿಸುವ ಚಪ್ಪರಕ್ಕೆ ಕಂಬ ನೆಡಬೇಕು. ಬೆಳಿಗ್ಗೆ ಇಬ್ಬನಿ, ಹನ್ನೊಂದರ ಹೊತ್ತಿಗೆ ಚುರುಕು ಬಿಸಿಲು, ಸಂಜೆ ಒಮ್ಮೊಮ್ಮೆ ದೂರದಲ್ಲಿ ಗುಡುಗು. ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ಶರದೃತು ಹೀಗಿರುತ್ತದೆ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾದ ಸಂಜೆಯಿಂದ ಜಗಲಿಯ ಮೇಲೆ, ಕಾಲಲ್ಲಿ ಮೆಟ್ಟಿಕೊಂಡು ಅಡಿಕೆ ಸುಲಿಯುವ ಎಂಟು ಹತ್ತು ಮೆಟ್ಟುಗತ್ತಿಗಳು ಸಾಲಾಗುತ್ತವೆ, ಒಂದೊಂದರ ಹಿಂದೆ ಒಬ್ಬೊಬ್ಬ ಹೆಂಗಸು ಕೂರುತ್ತಾಳೆ. ಅವರ ಮಧ್ಯೆ ಕುಳಿತು ನಾನು ಐದು ವರ್ಷಗಳಿಂದ ಗಟ್ಟಿಯಾಗಿ ಪುಸ್ತಕ ಓದುತ್ತಿದ್ದೇನೆ.

ಇದಕ್ಕೆ ಕಾರಣ ಅತ್ತೆಯ ಕಣ್ಣು. ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚಿನ ವರ್ಷ ಅವರಿಗೆ ಅಕ್ಷರ ಕಾಣದಾಯಿತು. ಅವರು ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ಪಕ್ಕದಲ್ಲಿ ಬೆಳೆದವರು. ಎಪ್ಪತ್ತರ ದಶಕದಲ್ಲಿ ಕೆ.ವಿ. ಸುಬ್ಬಣ್ಣನವರು ಹಳ್ಳಿಯವರಿಗೆ ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ತೋರಿಸುತ್ತಿದ್ದಾಗ ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ 'ಪಥೇರ್ ಪಾಂಚಾಲಿ' ನೋಡಿದವರು. ಬಿಳಿ ಹೂ ಬಿಟ್ಟ ಎತ್ತರದ ಹುಲ್ಲಿನ ನಡುವೆ ಅಕ್ಕ ತಮ್ಮ ರೈಲು ನೋಡಲು ಓಡುವುದನ್ನು ಈಗಲೂ ಕೈಯಾಡಿಸಿ ವರ್ಣಿಸುತ್ತಾರೆ. ಆ ಹುಲ್ಲು ಬಂಗಾಳದಲ್ಲಿ ಹೂ ಬಿಡುವುದೂ ಇದೇ ಶರತ್ಕಾಲದಲ್ಲಿ. ಅಂಥವರು ಓದಿಲ್ಲದೆ ಸಪ್ಪಗಾಗಿದ್ದರು. "ನಾನು ಸುಲಿಯುತ್ತೇನೆ, ನೀನು ಓದು" ಎಂದರು. ನನ್ನ ಪಾಲಿನ ಸುಲಿತವನ್ನು ಬೆಳಗಿನ ಹೊತ್ತಿಗೆ ಹಾಕಿಕೊಂಡು ಸಂಜೆ ಅವರ ಪಕ್ಕ ಕುಳಿತೆ. ಮೂರನೆಯ ದಿನದ ಹೊತ್ತಿಗೆ ಉಳಿದ ಕತ್ತಿಗಳೂ ಹತ್ತಿರ ಸರಿದಿದ್ದವು.

ಮೊದಲು ಎತ್ತಿಕೊಂಡದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಆಯ್ಕೆ ತಪ್ಪಾಗಿತ್ತು. ಸುಮಾರು 700 ಪುಟ, ಊರು ತುಂಬ ಜನ, ಒಂದರೊಳಗೊಂದು ಹೆಣೆದ ಕಥೆಗಳು. ಸುಲಿಯಲು ಬರುವವರು ಇಂದು ನಮ್ಮ ಮನೆ, ನಾಳೆ ಇನ್ನೊಬ್ಬರ ಮನೆ. ಎರಡು ರಾತ್ರಿ ತಪ್ಪಿಸಿಕೊಂಡವರಿಗೆ ಯಾರು ಯಾರ ಮಗ ಎಂಬುದೇ ತಿಳಿಯುತ್ತಿರಲಿಲ್ಲ. ಒಂದು ವಾರದಲ್ಲಿ ನಿಲ್ಲಿಸಿ, ಶಿವರಾಮ ಕಾರಂತರ 'ಬೆಟ್ಟದ ಜೀವ' ಹಿಡಿದೆ. 1943ರ ಕಾದಂಬರಿ. ಕುಮಾರಪರ್ವತದ ಬುಡದಲ್ಲಿ ಕಾಡು ಕಡಿದು ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯನ ಕಥೆ. ರಾತ್ರಿಗೆ ಹನ್ನೆರಡು ಪುಟದಂತೆ ಎರಡು ವಾರ ಹಿಡಿಯಿತು.

ಕಾಲೇಜಿನಲ್ಲಿ ಓದಿದಾಗ ಅದು ನನಗೆ ಗೋಪಾಲಯ್ಯನ ಪುಸ್ತಕವಾಗಿತ್ತು. ಜಗಲಿಯಲ್ಲಿ ಹಾಗೆ ಉಳಿಯಲಿಲ್ಲ. ದಾರಿ ತಪ್ಪಿದ, ಕಥೆ ಹೇಳುವ ಶಿವರಾಮಯ್ಯನಿಗೆ ಕತ್ತಲಲ್ಲಿ ಎದುರಾಗಿ ಕೈಹಿಡಿದು ಕರೆತರುವವರು ದೇರಣ್ಣ ಮತ್ತು ಬಟ್ಯ, ಇಬ್ಬರೂ ಆ ಕಡೆಯ ಹಳ್ಳಿಗರು. ಆ ಹೆಸರುಗಳನ್ನು ನಾನು ಮರೆತೇಬಿಟ್ಟಿದ್ದೆ. ಸುಲಿಯುವವರು ಮರೆಯಲಿಲ್ಲ. ಬಟ್ಯ ಮಾತಾಡದೆ ಎರಡು ದಿನ ಕಳೆದರೆ "ಅವನೆಲ್ಲಿ ಹೋದ?" ಎಂದು ಕೇಳುತ್ತಿದ್ದರು. ಇನ್ನು ಮನೆ ಬಿಟ್ಟು ಹೋದ ಮಗ ಶಂಭುವಿಗಾಗಿ ಒಳಗೊಳಗೇ ಬೇಯುವ, ಗೋಪಾಲಯ್ಯನ ಹೆಂಡತಿ ಶಂಕರಮ್ಮ. ಅವಳ ಮಾತು ಬಂದಾಗಲೆಲ್ಲ ಜಗಲಿಯಲ್ಲಿ ಬೇರೆ ಮನೆಗಳ ಮಾತು ಹೊರಡುತ್ತಿತ್ತು. ನಮ್ಮ ಕೇರಿಯಲ್ಲೇ ಮುದುಕ ಮುದುಕಿ ಇಬ್ಬರೇ ಉಳಿದ ಮನೆಗಳು ನಾಲ್ಕಿವೆ. ತೋಟ ಎಬ್ಬಿಸುವ ಅಧ್ಯಾಯಗಳನ್ನು ಅವರು ತಲೆದೂಗಿ ಕೇಳಿದರು. ಆದರೆ ಮರುದಿನ ಬಂದು ವಿಚಾರಿಸಿದ್ದು ಶಂಕರಮ್ಮನನ್ನು. ನನಗೂ ಆ ಪುಸ್ತಕ ಈಗ ಅವಳದೇ.

ಗಟ್ಟಿಯಾಗಿ ಓದುವುದಕ್ಕೆ ಅದರದೇ ಹದವಿದೆ. ಸಂಭಾಷಣೆ ಬಂದಾಗ ಯಾರ ಮಾತು ಎಂದು ಪುಟದಲ್ಲಿ ಇರದಿದ್ದರೂ ನಾನು ಹೆಸರು ಸೇರಿಸುತ್ತೇನೆ, ಕಣ್ಣಿಗೆ ಕಾಣುವ ಸಾಲು ಬದಲಾದದ್ದು ಕಿವಿಗೆ ತಿಳಿಯುವುದಿಲ್ಲ. ಹಗಲೇ ಒಮ್ಮೆ ಓದಿ, ಎಲ್ಲಿ ನಿಲ್ಲಿಸಬೇಕೆಂದು ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟುಕೊಳ್ಳುತ್ತೇನೆ. ಪಕ್ಕದಲ್ಲಿ ಸುಲಿದ ಅಡಿಕೆ ಬೇಯಿಸುವ ಚೊಗರಿನ ಹಂಡೆ ಕುದಿಯುತ್ತಿದ್ದರೆ ಹೊಗೆಗೆ ಗಂಟಲು ಕಟ್ಟುತ್ತದೆ, ಆದ್ದರಿಂದ ಒಲೆಗೆ ಬೆನ್ನು ಮಾಡಿ ಕೂರುತ್ತೇನೆ. ಇದೆಲ್ಲ ಒಂದು ವಾರದಲ್ಲಿ ಕಲಿಯಬಹುದು.

ನಾನು ತಡವಾಗಿ ಕಲಿತದ್ದು ಬೇರೆ. ಎರಡನೆಯ ವರ್ಷ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದೆ. ಜೇನು ಕೊಳ್ಳಲು ಹೋದ ಕಡೆ ಶುರುವಾಗಿ ಹಾರುವ ಓತಿಯವರೆಗೆ ಒಯ್ಯುವ ಕಥೆ. ಅದರಲ್ಲಿ ಬರುವ ಹಳ್ಳಿಗ ಮಂದಣ್ಣನ ಪ್ರಸಂಗಗಳಿಗೆ ಎಲ್ಲರೂ ಕತ್ತಿ ಬಿಟ್ಟು ನಕ್ಕರು. ನಾನು ಹಿಗ್ಗಿದೆ. ರಾತ್ರಿ ತೂಕ ಹಾಕುವಾಗ ಅತ್ತೆ ಮೆಲ್ಲಗೆ ಹೇಳಿದರು, "ಇವತ್ತು ಎಲ್ಲರದ್ದೂ ಕಮ್ಮಿ ಬಂದಿದೆ." ಸುಲಿದ ತೂಕಕ್ಕೆ ಕೂಲಿ. ಕೈ ನಿಂತರೆ ಕೂಲಿಯೂ ನಿಲ್ಲುತ್ತದೆ. ನನ್ನ ಓದಿನ ಸಂತೋಷಕ್ಕೆ ಅವರು ದುಡ್ಡು ತೆರುತ್ತಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಓದು ನಡೆಯುವ ದಿನಗಳಿಗೆ ತೂಕದ ಕೂಲಿಯ ಮೇಲೆ ಒಂದು ಗಂಟೆಯ ಕೂಲಿ ಸೇರಿಸಿ ಕೊಡುತ್ತೇವೆ. ಯಜಮಾನರು ಮೊದಲು ಲೆಕ್ಕ ಹಾಕಿ ಸುಮ್ಮನಿದ್ದರು, ಆಮೇಲೆ ಒಪ್ಪಿದರು. ದುಡಿಯುವವರಿಗೆ ಓದಿ ಹೇಳಬೇಕೆನ್ನುವವರು ಈ ಲೆಕ್ಕವನ್ನು ಮೊದಲ ದಿನವೇ ಮಾಡಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಸಿನಿಮಾಗಳನ್ನು ಸುಲಿತವಿಲ್ಲದ ದಿನಕ್ಕೆ ಇಟ್ಟುಕೊಂಡಿದ್ದೇವೆ, ಸಾಮಾನ್ಯವಾಗಿ ದೀಪಾವಳಿಯ ಗೋಪೂಜೆ ಮುಗಿದ ಮಾರನೆಯ ರಾತ್ರಿ. ಸಂಬಂಧಿಕರ ಮನೆಯಿಂದ ತಂದ ಪ್ರೊಜೆಕ್ಟರ್, ಗೋಡೆಗೆ ಬಿಳಿ ಪಂಚೆ. ಮೊದಲ ವರ್ಷ ಅಂಗಳದಲ್ಲಿ ಹಾಕಿ ಇಬ್ಬನಿಗೆ ಪಂಚೆ ತೊಯ್ದು ಜೋತುಬಿತ್ತು, ಈಗ ಒಳಗೇ. ಪಿ. ಶೇಷಾದ್ರಿಯವರ 'ಬೆಟ್ಟದ ಜೀವ' ನೋಡಿದಾಗ ಗೋಪಾಲಯ್ಯನಾಗಿ ದತ್ತಣ್ಣ ಎಲ್ಲರ ಮೆಚ್ಚುಗೆ ಪಡೆದರು, ಆದರೆ ಓದಿನಲ್ಲಿ ತಾವು ಕಂಡ ತೋಟ ಇನ್ನೂ ದೊಡ್ಡದಿತ್ತು ಎಂಬ ತಕರಾರೂ ಬಂತು. ಅದು ನ್ಯಾಯವಾದ ತಕರಾರು. ಕಿವಿಯಲ್ಲಿ ಕೇಳಿದ ಕಾಡಿಗೆ ಅಂಚಿರುವುದಿಲ್ಲ.

ಆಳಕ್ಕಿಳಿದ ಚಿತ್ರ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'. 2008ರದು, ವೈದೇಹಿಯವರ ಕಥೆಯ ಆಧಾರದ ಮೇಲೆ ಮಾಡಿದ್ದು. ಸಿನಿಮಾ ಎಂದರೆ ಪ್ರಾಣ ಬಿಡುವ ಸೂಲಗಿತ್ತಿ ಗುಲಾಬಿ, ಹೆರಿಗೆ ಮಾಡಿಸಿದ್ದಕ್ಕೆ ಅವಳ ಮನೆಗೆ ಬರುವ ಬಣ್ಣದ ಟಿವಿ, ಅದನ್ನು ನೋಡಲು ಒಬ್ಬೊಬ್ಬರಾಗಿ ಹೊಸ್ತಿಲು ದಾಟುವ ಮೀನುಗಾರರ ಕೇರಿಯ ಹೆಂಗಸರು. ಪಂಚೆಯ ಮೇಲೆ ಅವರು ಗುಂಪಾಗಿ ಕುಳಿತಿದ್ದಾಗ, ಪಂಚೆಯ ಈಚೆ ನಾವೂ ಹಾಗೆಯೇ ಕುಳಿತಿದ್ದೆವು. ಕೊನೆಗೆ ಗುಲಾಬಿಯನ್ನು ದೋಣಿ ಹತ್ತಿಸಿ ಕಳಿಸುತ್ತಾರೆ. ಉಮಾಶ್ರೀಯವರ ಆ ಮುಖ ನೋಡಿದ ಮೇಲೆ ಯಾರೂ ಬೇಗ ಏಳಲಿಲ್ಲ. "ಅವಳ ಮನೆಯಲ್ಲಿ ಕೂತು ನೋಡಿದವರು ಯಾರೂ ಅಡ್ಡ ಬರಲಿಲ್ಲವಲ್ಲ" ಎಂದು ಒಬ್ಬರು ಹೇಳಿದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಹಿಂದಿನ ವರ್ಷ ಧೈರ್ಯ ಮಾಡಿ ಮತ್ತೆ 'ಮದುಮಗಳು' ತೆರೆದೆ. ಈ ಸಲ ಒಂದು ಉಪಾಯವಿತ್ತು. ಒಂದು ದಿನವೂ ತಪ್ಪಿಸದ ಅಜ್ಜಿಯೊಬ್ಬರಿದ್ದಾರೆ, ಹಿಂದಿನ ರಾತ್ರಿಯ ಕಥೆಯನ್ನು ಮೊದಲು ಅವರು ಹೇಳಬೇಕು, ಆಮೇಲೆ ನನ್ನ ಓದು. ನಾನು ಹತ್ತು ಪುಟದಲ್ಲಿ ಓದಿದ್ದನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿ, ಬಿಟ್ಟುಹೋದವರನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಅಷ್ಟು ದೊಡ್ಡ ಪುಸ್ತಕದಲ್ಲಿ ಮೊದಲು ನಡೆದು ಬರುವವನು ಜೀತದಾಳು ಗುತ್ತಿ, ಜೊತೆಗೆ ಅವನ ನಾಯಿ ಹುಲಿಯ. ಇದು ಅಜ್ಜಿಗೆ ಬಹಳ ಹಿಡಿಸಿತ್ತು. ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ ಸುಲಿತವೂ ಮುಗಿಯಿತು.

ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಮೊನ್ನೆ ತೋಟ ನೋಡಿ ಹೋಗಿದ್ದಾನೆ, ಮುಂದಿನ ವಾರ ಮೊದಲ ಕೊಯ್ಲು. ನಿನ್ನೆ ಅಜ್ಜಿ ಮೆಟ್ಟುಗತ್ತಿ ಮಸೆಸಿಕೊಂಡು ಹೋಗುವ ದಾರಿಯಲ್ಲಿ ನಮ್ಮ ಜಗಲಿ ಹತ್ತಿದರು. ಕವಳ ಹಾಕಿಕೊಂಡು, ಹೊರಡುವಾಗ ಮೆಟ್ಟಿಲಲ್ಲಿ ನಿಂತು, "ತಂಗೀ, ಆ ಹುಲಿಯನಿಗೆ ಏನೂ ಆಗುವುದಿಲ್ಲ ತಾನೇ?" ಎಂದು ಕೇಳಿದರು.

ಪುಸ್ತಕದ ಕೊನೆ ನನಗೆ ಗೊತ್ತು. "ಸೋಮವಾರ ಬನ್ನಿ ಅಜ್ಜಿ, ಓದೋಣ" ಎಂದೆ.